ಆ ದಡ್ಡ ನಿಯಮವನ್ನು ಮತ್ತೆ ಜಾರಿಗೆ ತನ್ನಿ

ನಗರದ ಮನರಂಜನೆಗಳಿಗೆ ಪರವಾನಗಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರಿಗಳೇ,

ಮಾನ್ಯರೇ, ನೀವು ಒಂದು ದಡ್ಡ ನಿಯಮವನ್ನು ರದ್ದು ಮಾಡಿದ್ದೀರಿ. ಅದರ ಜೊತೆಗೆ ಒಬ್ಬ ಹೆಂಗಸಿನ ಭಾನುವಾರವೂ ರದ್ದಾಯಿತು. ನನ್ನ ದೂರು ಇಷ್ಟೇ. ಇದನ್ನು ಗುಡುಗಿ ಹೇಳಬೇಕೆಂದಿದ್ದೆ. ನಾಟಕದ ಕಂಪನಿಗಳಲ್ಲಿ ಖಳನಾಯಕನಾಗಿ ಬೆಳೆದವನು ನಾನು. ನನ್ನ ಗಂಟಲಿಗೆ ಹೆದರಿ ಮುಂದಿನ ಸಾಲಿನ ಮಕ್ಕಳು ತಾಯಂದಿರ ಮಡಿಲು ಸೇರುತ್ತಿದ್ದ ಕಾಲವಿತ್ತು. ಈಗ ಗುಡುಗು ಬರುತ್ತಿಲ್ಲ. ಸಿಟ್ಟೂ ಬರುತ್ತಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಅದು ನೀವೇ ಕಲಿಸಿದ ವಿದ್ಯೆ.

ನಿಮಗೆ ಮರೆತಿರಬಹುದು, ನೆನಪಿಸುತ್ತೇನೆ. ಗಿರಣಿಯ ಸಿಳ್ಳೆ ಕೂಗದ ದಿನ ವಾರಕ್ಕೊಂದೇ. ಆ ದಿನ ಜನ ಮಾತಿಲ್ಲದ ಚಲಿಸುವ ಚಿತ್ರ ನೋಡಿ ನಕ್ಕರೆ ಧರ್ಮ ಮುಳುಗಿಹೋಗುತ್ತದೆಂದು ಪಾದ್ರಿಗಳು ನಿಮ್ಮ ಕಚೇರಿಯ ಮೆಟ್ಟಿಲು ಸವೆಸಿದರು. ನೀವು ಅಪ್ಪಣೆ ಕೊಟ್ಟಿರಿ: ಭಾನುವಾರ ಮನರಂಜನೆ ಕೂಡದು, ಶಿಕ್ಷಣವಾದರೆ ಅಡ್ಡಿಯಿಲ್ಲ, ಪರದೆಯ ಪಕ್ಕ ಒಬ್ಬ ಉಪನ್ಯಾಸಕ ನಿಂತು ವಿವರಿಸಿದರೆ ಚಿತ್ರವನ್ನು ಶಿಕ್ಷಣವೆಂದು ಪರಿಗಣಿಸಲಾಗುವುದು. ಎಂಥ ಬುದ್ಧಿ! ಸೋಮವಾರದಿಂದ ಶನಿವಾರದವರೆಗೆ ಬರೀ ಮನರಂಜನೆಯಾಗಿದ್ದ ಪರದೆಯ ನಾಯಿ ಭಾನುವಾರ ಉಪನ್ಯಾಸಕ ಕೋಲಿನಿಂದ ತೋರಿಸಿದ ಕೂಡಲೇ ಪ್ರಾಣಿಶಾಸ್ತ್ರವಾಗಿಬಿಟ್ಟಿತು. ಚಿತ್ರಗಳು ಬಂದು ನಾಟಕದ ಕಂಪನಿ ಮುಚ್ಚಿತ್ತು, ನಾನು ಬೀದಿಯಲ್ಲಿದ್ದೆ. ಆ ಕೋಲು ನನ್ನ ಕೈಗೆ ಬಂತು.

ಮೊದಲ ಭಾನುವಾರ ಝೆಲ್ನಿಕ್ ಅವರ ಚಿತ್ರಮಂದಿರದಲ್ಲಿ ನಿಂತು ನಾನು ಸಾರಿದೆ: "ಇದು ರೈಲು. ರೈಲು ಹಳಿಯ ಮೇಲೆ ಓಡುತ್ತದೆ." ಕಡಲೆಕಾಯಿ ಸಿಪ್ಪೆ ಮುಖಕ್ಕೆ ಬಂದು ಬಿತ್ತು.

"ಲೋ, ನಮಗೇನು ಕಣ್ಣಿಲ್ವೇನೋ?" ಎಂದು ಗಿರಣಿಯವನೊಬ್ಬ ಕಿರುಚಿದ. ಇಡೀ ಮಂದಿರ ಹೋ ಎಂದಿತು.

"ನನಗಿಲ್ಲ" ಎಂದಿತು ಮೂರನೇ ಸಾಲಿನಿಂದ ಒಂದು ಹೆಣ್ಣು ದನಿ. "ಹೇಳಿ ಮೇಷ್ಟ್ರೇ, ರೈಲು ಯಾವ ಕಡೆಯಿಂದ ಬಂತು?"

ಯಾರೂ ನಗಲಿಲ್ಲ. "ಎಡಗಡೆಯಿಂದ ಬಂತು ತಾಯಿ, ಹೊಗೆ ಹಿಂದಕ್ಕೆ ಹೋಗ್ತಿದೆ" ಎಂದೆ.

ಆಕೆಯ ಹೆಸರು ಫಿಲೊಮೆನಾ ಸ್ಕಾರ್ಪಾಟಿ. ನೇಪಲ್ಸ್‌ನಿಂದ ಹಡಗು ಹತ್ತಿ ಬಂದವಳು. ಬಾಡಿಗೆ ಕೋಣೆಯ ಮಬ್ಬು ಬೆಳಕಿನಲ್ಲಿ ಊರಿನ ಗಂಡಸರ ಕೋಟುಗಳಿಗೆ ಗುಂಡಿಯ ಕಾಜಾ ಹೊಲಿದು ಹೊಲಿದು ಕಣ್ಣು ಕಳೆದುಕೊಂಡವಳು. ನೀವು ಧರಿಸಿರುವ ಕೋಟಿನ ಕಾಜಾ ಯಾರು ಹೊಲಿದದ್ದು ಮಾನ್ಯರೇ? ಇರಲಿ, ಉತ್ತರ ಬೇಡ. ಆಕೆಯ ನಾದಿನಿ ಕಾರ್ಮೆಲಾ ಮೊದಲೆಲ್ಲ ಚಿತ್ರಕ್ಕೆ ಕರೆತಂದು ಪಕ್ಕದಲ್ಲಿ ಕುಳಿತು ವಿವರಿಸಲು ನೋಡಿ ಸೋತಿದ್ದಳು. "ಏನ್ಮಾಡ್ಲಿ ಮೇಷ್ಟ್ರೇ, ನಾನು ನಕ್ಕು ಮುಗಿಸಿ ಹೇಳೋ ಹೊತ್ತಿಗೆ ಬೇರೆ ಏನೋ ಆಗಿರತ್ತೆ" ಎನ್ನುತ್ತಿದ್ದಳು. ನಿಮ್ಮ ನಿಯಮ ಬಂದ ಮೇಲೆ ಫಿಲೊಮೆನಾ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ನಿಮ್ಮ ಕಡೆಯ ಪೇದೆಯೊಬ್ಬ ಹಿಂದಿನ ಗೋಡೆಗೆ ಒರಗಿ ನನ್ನ ಗಂಟಲನ್ನು ಕಾಯುತ್ತಿದ್ದ. ಹಡಗು ಮುಳುಗುವ ಚಿತ್ರದ ದಿನ ಹಳೆಯ ಚಟಕ್ಕೆ ನನ್ನ ದನಿ ಕಂಪಿಸಿತು. ಹೊರಗೆ ಹಿಡಿದು ನಿಲ್ಲಿಸಿದ.

"ಯಾಕಯ್ಯಾ, ಗದ್ಗದ ಆಯ್ತಲ್ಲ? ಗದ್ಗದ ಆದ್ರೆ ನಾಟಕ. ನಾಟಕ ಆದ್ರೆ ಬಾಗಿಲಿಗೆ ಬೀಗ. ತಿಳೀತಾ?"

ತಿಳಿಯಿತು. ಆಮೇಲೆ ನಾನು ಹಡಗು ಮುಳುಗಿಸಿದ್ದು, ಮನೆ ಸುಟ್ಟದ್ದು, ತಾಯಿಗೆ ಮಗು ಸಿಕ್ಕಿದ್ದು ಎಲ್ಲವೂ ಒಂದೇ ದನಿಯಲ್ಲಿ. ಫಿಲೊಮೆನಾಳ ಹತ್ತಿರ ಕ್ಷಮೆ ಕೇಳಿದೆ. ಆಕೆ, "ಹಿಂಗೇ ಚೆನ್ನಾಗಿದೆ ಬಿಡಿ. ನೀವು ಅಳಬೇಡಿ, ಏನಾಯ್ತು ಅಷ್ಟು ಹೇಳಿ. ಅಳೋದು ನಂಗೇ ಇರ್ಲಿ" ಎಂದಳು. ಒಮ್ಮೆ ನಾಯಕಿಯ ಬಟ್ಟೆಯ ಬಣ್ಣ ಕೇಳಿದಳು. ಚಿತ್ರದಲ್ಲಿ ಎಲ್ಲವೂ ಬೂದು ತಾಯಿ, ಎಂದೆ. "ಓ, ಹಂಗಾದ್ರೆ ನಾನೇನೂ ಕಳ್ಕೊಂಡಿಲ್ಲ" ಎಂದು ನಕ್ಕಳು.

ಈಗ ನಿಮ್ಮ ಸುಧಾರಣೆಗೆ ಬರೋಣ. ಈ ಸೆಪ್ಟೆಂಬರಿನಿಂದ ಭಾನುವಾರ ಉಪನ್ಯಾಸಕನ ಅಗತ್ಯವಿಲ್ಲ ಎಂದಿರಿ. ಪತ್ರಿಕೆಗಳು ನಿಮ್ಮನ್ನು ಹೊಗಳಿದವು. ಗಿರಣಿಯವರು ಟೋಪಿ ತೂರಿದರು. ಝೆಲ್ನಿಕ್ ನನ್ನನ್ನು ತಬ್ಬಿಕೊಂಡೇ ಕೋಲು ಕಸಿದುಕೊಂಡರು: "ಬೇಜಾರು ಮಾಡ್ಕೋಬೇಡಪ್ಪಾ ಡೆವಾನಿ, ನೀನು ನಿಲ್ತಿದ್ದ ಜಾಗದಲ್ಲಿ ಇನ್ನೆರಡು ಕುರ್ಚಿ ಹಿಡಿಸತ್ತೆ."

ಆ ಭಾನುವಾರ ನಾನೂ ಟಿಕೇಟು ಕೊಂಡು ಹಿಂದೆ ಕುಳಿತೆ. ಪಿಯಾನೋ ಬಡಿಯುತ್ತಿತ್ತು. ಜನ ನಕ್ಕರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಫಿಲೊಮೆನಾ ಒಬ್ಬಳೇ ನಕ್ಕಳು. ಎರಡನೆಯ ಸಲ ಜನ ನಕ್ಕಾಗ ಆಕೆ ನಗಲಿಲ್ಲ. ಆಮೇಲೆ ಕೇಳಿದಳು: "ಮೇಷ್ಟ್ರೇ, ಏನಾಯ್ತು?"

"ನಾಯಿ ಪೊಲೀಸಪ್ಪನ ಟೋಪಿ ಕಚ್ಕೊಂಡು ಓಡ್ತಿದೆ ತಾಯಿ" ಎಂದೆ ಕುಳಿತಲ್ಲಿಂದಲೇ.

"ಶ್! ನೋಡೋಕೆ ಬಿಡಯ್ಯಾ, ಕಾಸು ಕೊಟ್ಟಿದೀವಿ!" ಎಂದರು ಸುತ್ತಲಿದ್ದವರು. ನನ್ನನ್ನು ಹೊರಗೆ ಹಾಕಿದರು. ನಿಮ್ಮ ಹೊಸ ಅಪ್ಪಣೆಯ ಪ್ರಕಾರ ಮಂದಿರದಲ್ಲಿ ಮಾತಾಡುವುದು ಶಾಂತಿಭಂಗವಂತೆ.

ಆಕೆ ಮತ್ತೆ ಹೋಗಿಲ್ಲ. ಭಾನುವಾರ ವಠಾರದ ಮೆಟ್ಟಿಲ ಮೇಲೆ ಕೈ ಕಟ್ಟಿ ಕುಳಿತಿರುತ್ತಾಳೆ. ಯಾಕೆ ತಾಯಿ ಎಂದೆ. "ಕಾಸು ಕೊಟ್ಟು ಕತ್ತಲಲ್ಲಿ ಯಾಕೆ ಕೂರ್ಬೇಕು ಮೇಷ್ಟ್ರೇ? ಕತ್ತಲು ಮನೇಲೇ ಇದೆಯಲ್ಲ" ಎಂದಳು. ದೂರಿನ ದನಿಯಲ್ಲ ಅದು. ಹವಾಮಾನ ಹೇಳುವ ದನಿ. ನನ್ನಲ್ಲೂ ಏನೂ ಕದಲಲಿಲ್ಲ. ಆಕೆಯ ಪಕ್ಕ ಕುಳಿತು ಬೀದಿಯನ್ನು ವಿವರಿಸಲು ನೋಡಿದೆ: ಐಸಿನ ಗಾಡಿ, ಟ್ರಾಮು, ಒಗೆದು ಹಾಕಿದ ಬಟ್ಟೆ. "ಬೀದಿ ನಂಗೊತ್ತು, ಕೇಳಿಸತ್ತೆ. ಬೇರೆ ಊರು ಹೇಳಿ" ಎಂದಳು. ನನ್ನಲ್ಲಿ ಬೇರೆ ಊರು ಇರಲಿಲ್ಲ. ಅವು ಪರದೆಯ ಮೇಲಿದ್ದವು.

ಆದುದರಿಂದ ಮಾನ್ಯರೇ, ನಾನು ಕೇಳುತ್ತಿರುವುದು ನ್ಯಾಯವಲ್ಲ, ವಿವೇಕವೂ ಅಲ್ಲ. ಅವು ನಿಮ್ಮ ಕಚೇರಿಯಲ್ಲಿ ಬೇಕಾದಷ್ಟಿವೆ. ಆ ದಡ್ಡತನವನ್ನು ಹಿಂದಿರುಗಿಸಿ. ಊರಿಗೆಲ್ಲ ಬೇಡ, ಒಂದು ಮಂದಿರಕ್ಕೆ, ಭಾನುವಾರ ಮಧ್ಯಾಹ್ನದ ಒಂದು ಆಟಕ್ಕೆ ಸಾಕು. ಕೋಲು ನನಗೇ ಕೊಡಬೇಕೆಂದಿಲ್ಲ. ಕುದುರೆಯನ್ನು ಕುದುರೆ ಎನ್ನಲು ಬರುವ ಯಾರಾದರೂ ಆದೀತು. ಬೇಕಿದ್ದರೆ ಪೇದೆಯನ್ನೂ ನಿಲ್ಲಿಸಿ. ನಗುವವರಿಗೆ ಅಡ್ಡಿಯಾದರೆ ಅವರಿಗೆ ವಾರದ ಉಳಿದ ಆಟಗಳಿವೆ.

ಈ ವಾರ ಆಲ್ಪ್ಸ್ ಪರ್ವತದ ಚಿತ್ರ ಬಂದಿದೆ. ಮೆಟ್ಟಿಲ ಮೇಲಿಂದಲೇ ಆಕೆ ವಿಚಾರಿಸಿದಳು, ಹಿಮ ಬಿದ್ದಾಗ ಜನ ಏನು ಮಾಡುತ್ತಾರಂತೆ ಎಂದು. ಭಾನುವಾರ ಗೊತ್ತಾಗುತ್ತದೆ ತಾಯಿ, ಎಂದುಬಿಟ್ಟಿದ್ದೇನೆ. ಅದು ಸುಳ್ಳಾಗುವುದೂ ಬಿಡುವುದೂ ಈಗ ನಿಮ್ಮ ಸಹಿಯಲ್ಲಿದೆ.

ಇಂತಿ,
ಹಿಂದೆ ಖಳನಾಯಕ, ಆಮೇಲೆ ಶಿಕ್ಷಣ, ಸದ್ಯಕ್ಕೆ ಶಾಂತಿಭಂಗ,
ಕಾರ್ನೀಲಿಯಸ್ ಡೆವಾನಿ