ಕರಿದು ಉಳಿದ ಎಣ್ಣೆ

೯ ಜನವರಿ ೧೯೮೪, ಬೆಳಿಗ್ಗೆ ೬

ಒಲೆ ಹೊತ್ತಿಸಿದ್ದಾಯಿತು. ಹಿಟ್ಟು ಕಲಸಿದ್ದಾಯಿತು. ಪಾತ್ರೆ ತಿಕ್ಕುವ ಗೋಪಮ್ಮ ಇನ್ನೂ ಬಂದಿಲ್ಲ. ನಿನ್ನೆಯ ಪಾತ್ರೆ ಹಾಗೇ ಬಿದ್ದಿವೆ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಬಸ್ಸಿಗೆ ಬಿಸಿ ಮಿರ್ಚಿ ಭಜಿ ಇಲ್ಲ ಅಂದರೆ ಅಂಗಡಿ ಯಾಕೆ ಇಡಬೇಕು...

೭-೧೦

ಬಂದಳು. ಬೈದೆ. "ಕೈ ಹಿಡಕೊಂಡಾವ್ರಿ ಯಪ್ಪಾ, ಮುಂಜಾನಿ ಮುಷ್ಟಿನ ಕಟ್ಟಾಕ ಬರವಲ್ದು" ಅಂದಳು. "ಪಗಾರ ತಗೊಳ್ಳಾಗ ಬರ್ತದಲ್ಲ ಬೇ?" ಅಂದೆ. ಗಿರಾಕಿಗಳು ನಕ್ಕರು.

೧೫ ಜನವರಿ, ಭಾನುವಾರ

ಎಣ್ಣೆ ಬದಲಿಸುವ ದಿನ. ವಾರವಿಡೀ ಕಾದು ಕಾದು ಡಾಂಬರಿನ ಹಾಗಾಗಿತ್ತು. ಬಟ್ಟೆಯಲ್ಲಿ ಸೋಸಿ ಗೋಪಮ್ಮನ ಬಾಟಲಿಗೆ ಹುಯ್ದೆ. ಎಂಟು ವರ್ಷದಿಂದ ಪುಕ್ಕಟೆ ಕೊಡುತ್ತಿದ್ದೇನೆ. ಅವಳ ಗಂಡ ಸುಂಕಪ್ಪ ಹತ್ತಿ ಮಿಲ್ಲಿನ ಹಮಾಲ. ಎಣ್ಣೆ ಎಲ್ಲಿಂದ ಕೊಂಡಾರು?

ಪಾನ್ ಅಂಗಡಿ ಮೆಹಬೂಬ್ ಪಾಷಾ ಅಂದ, "ಬಡವರ ಒಲಿ ನೋಡೋರು ನೀವೊಬ್ರ ನೋಡ್ರಿ, ಹನುಮಂತ್ರಾಯಪ್ಪ." ಖುಷಿಯಾಯಿತು. ಸುಳ್ಳು ಯಾಕೆ.

ನಮ್ಮ ಮನೆಗೆ ಮಾತ್ರ ಅದನ್ನು ಒಯ್ಯುವ ಹಾಗಿಲ್ಲ. ಹೆಂಡತಿ ಯಂಕಮ್ಮ ದೇವದುರ್ಗದವಳು, ಬಾಯಿ ಜೋರು. "ಆ ಕರಿ ನೀರು ನನ್ನ ಅಡಗಿಮನಿಗೆ ಬರಬಾರ್ದು" ಅಂತ ಅಂಗಡಿ ಇಟ್ಟ ಮೊದಲ ವರ್ಷವೇ ಹೇಳಿಬಿಟ್ಟಿದ್ದಾಳೆ. ನಾವು ತಿನ್ನುವುದು ಸಿರವಾರದ ಗಾಣದ ಕುಸುಬಿ ಎಣ್ಣೆ.

೨ ಫೆಬ್ರವರಿ

ಗೋಪಮ್ಮನ ಬೆರಳು ಬದನೆಕಾಯಿಯ ಹಾಗೆ ಬಾತಿವೆ. ಬಳೆ ಚರ್ಮದೊಳಗೆ ಹೂತಿವೆ. ಬಾಣಲೆ ಕೈಜಾರಿ ಬಿತ್ತು. ಬಾಯಿಗೆ ಬಂದದ್ದು ಅಂದೆ. ಅಳಲಿಲ್ಲ ಅವಳು. ಅದಕ್ಕೇ ಇನ್ನೂ ಸಿಟ್ಟು ಬಂತು.

ನಾಳೆ ರಾಯಚೂರಿನ ದವಾಖಾನೆಗೆ ನಾನೇ ಕರೆದೊಯ್ಯಬೇಕು. ಇಲ್ಲದಿದ್ದರೆ ಬಾಣಲೆ ತಿಕ್ಕುವವರು ಯಾರು.

೩ ಫೆಬ್ರವರಿ, ಸಂಜೆ

ದವಾಖಾನೆಯಲ್ಲಿ ನರ್ಸ್ ಬಳೆ ಒಡೆಯಲು ಬಂದಳು. ಗೋಪಮ್ಮ ಕೈ ಹಿಂದೆ ಎಳೆದುಕೊಂಡಳು. "ಗಂಡ ಗಟ್ಟಿ ಅದಾನವ್ವಾ, ಒಡೀಬ್ಯಾಡ." ಕೊನೆಗೆ ಒಡೆದರು. ಆಗ ಅತ್ತಳು.

ಡಾಕ್ಟರಮ್ಮ ರಕ್ತ ತೆಗೆಸಿದರು. ಏನು ಉಣ್ಣುತ್ತೀ, ಯಾವ ಎಣ್ಣೆ ಅಂತ ಕೇಳಿದರು.

"ಮಿರ್ಚಿ ಕರದ ಎಣ್ಣಿರೀ. ನಮ್ಮ ಸಾವ್ಕಾರ್ರು ವಾರವಾರ ಪುಕ್ಕಟ ಕೊಡ್ತಾರ್ರಿ. ಇವರ ನೋಡ್ರಿ." ಬಾತ ಕೈಯಿಂದಲೇ ನನ್ನನ್ನು ತೋರಿಸಿದಳು. ಹೆಮ್ಮೆಯಿಂದ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ರಕ್ತದಾಗ ಬಿಳಿ ಕಣ ಅಂತ ಇರ್ತಾವ. ರೋಗದ ಜೊತಿ ಹೊಡದಾಡೋವು. ನಾವು ತಿಂದ ಎಣ್ಣಿನ ಅವುಗಳ ಮೈಯಾಗ ಸೇರ್ತದ. ಸುಟ್ಟ ಎಣ್ಣಿ ದಿನಾ ಹೋದ್ರ ಅವು ರೊಚ್ಚಿಗೆದ್ದು ನಮ್ಮ ಕೀಲಿಗೇ ಬಡೀಬಹುದು. ಈ ಬ್ಯಾನಿ ಎಣ್ಣಿಯಿಂದನ ಬಂತು ಅಂತ ನಾ ಹೇಳಂಗಿಲ್ಲ. ಆದ್ರ ಉರಿಯೋ ಬೆಂಕಿಗೆ ಎಣ್ಣಿ ಸುರುವಿದಂಗ ಆಗ್ತದ, ಅದನ್ನ ತಿನ್ನಬ್ಯಾಡ್ರಿ."

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಮನ್ಯಾಗೂ ಅದನ್ನ ತಿಂತೀರೇನು?"

"ಹೂಂ" ಅಂದೆ.

ಯಾಕೆ ಅಂದೆ? ನನಗೆ ಅರವತ್ಮೂರು ವಯಸ್ಸು, ಈ ವಯಸ್ಸಿಗೆ ಸುಳ್ಳು. ಗೋಪಮ್ಮ ಪಕ್ಕದಲ್ಲೇ ಇದ್ದಳು. ಬಸ್ಸಿನಲ್ಲಿ ಮಾನ್ವಿ ಬರುವವರೆಗೂ ಅವಳು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದಳು. ನೋವಿರಬೇಕು ಅಂದುಕೊಂಡೆ.

೫ ಫೆಬ್ರವರಿ

ವಾರದ ಎಣ್ಣೆ ಗುಂಡಿಗೆ ಚೆಲ್ಲಿದೆ. ಅಂಗಡಿ ಹಿಂದಿನ ನಾಯಿ ಮೂಸಿ ಹಿಂದಕ್ಕೆ ಹೋಯಿತು. ಎಂಟು ವರ್ಷ.

೨೬ ಫೆಬ್ರವರಿ

ಗೋಪಮ್ಮ ಕೆಲಸಕ್ಕೆ ಬರುತ್ತಿಲ್ಲ. ಸುಂಕಪ್ಪನ ಕೈಲಿ ವಾರವಾರ ಕುಸುಬಿ ಎಣ್ಣೆ ಕಳಿಸುತ್ತಿದ್ದೇನೆ. ಪಾಷಾ ಮತ್ತೆ ಶುರು ಮಾಡಿದ — "ಹೊಸ ಎಣ್ಣಿ ಕೊಡಾಕತ್ತೀರಂತ! ಧರ್ಮಾತ್ಮ ನೀವು." ಮುಚ್ಚಲೇ ಬಾಯಿ ಅಂದೆ. ನಕ್ಕ. ತಮಾಷೆ ಅಂದುಕೊಂಡ.

ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟವನು, ನನಗೇನು ಗೊತ್ತಿತ್ತು ಅನ್ನಬಹುದು. ಅನ್ನೋಣ ಅಂದರೆ ಯಂಕಮ್ಮನ ಮಾತು ಅಡ್ಡ ಬರುತ್ತದೆ. ನಾವು ತಿನ್ನಬಾರದು ಅಂತ ಗೊತ್ತಿತ್ತಲ್ಲ.

೧೮ ಮಾರ್ಚ್

ಇಂದು ನಾನೇ ಬಾಟಲಿ ಹಿಡಿದು ಅವರ ಓಣಿಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ. ಬಾವು ಸ್ವಲ್ಪ ಇಳಿದಿದೆ. ಬಲಗೈಯ ಎರಡು ಬೆರಳು ಮಾತ್ರ ಕೊಕ್ಕೆಯ ಹಾಗೆ ಉಳಿದಿವೆ. ಹೊಸ ಬಳೆ ಏರಿಲ್ಲ. ಕಪ್ಪು ದಾರ ಕಟ್ಟಿಕೊಂಡಿದ್ದಾಳೆ.

"ಗೋಪಮ್ಮ, ಅವತ್ತು ಡಾಕ್ಟರಮ್ಮನ ಮುಂದ ನಾ ಸುಳ್ಳು..." ಅಂದೆ.

ಅವಳು ಬೈಯಬೇಕಿತ್ತು. "ಗೊತ್ತದ ಬಿಡ್ರಿ ಯಪ್ಪಾ" ಅಂದಳು. "ದೀಪಾವಳಿಗೆ ನಿಮ್ಮ ಮನಿ ಕುಸುಬಿ ಡಬ್ಬಿ ತಿಕ್ಕಾಕಿ ನಾನ ಅಲ್ಲೇನ್ರಿ? ಮಂದ್ಯಾಗ ನಿಮ್ಮ ಮಾನ ಯಾಕ ಕಳೀಲಿ ಅಂತ ಸುಮ್ಕಿದ್ದೆ."

ಒಳಗೆ ಹೋಗಿ ಚಹಾ ತಂದಳು. ಬೆರಳಿಗೆ ಹಿಡಿತ ಸಾಲದು, ಎರಡು ಅಂಗೈ ನಡುವೆ ಬಟ್ಟಲು ಒತ್ತಿ ಹಿಡಿದು. ತಗೊಳ್ಳಲು ಕೈ ಚಾಚಿದೆ. ನನ್ನ ಕೈ, ಐದೂ ಬೆರಳು ಸರಿಯಾಗಿದ್ದ ಕೈ. ನಾನೂ ಎರಡು ಅಂಗೈ ನಡುವೆಯೇ ಬಟ್ಟಲು ಹಿಡಿದು ಕುಡಿದೆ.