ಮಟ್ಟಿಗೆ ಇಳಿಯದೆ ಬರೆದ ಪಟ್ಟು

ಮಣ್ಣು ತಣಿದ ನೂರಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳ ನಲವತ್ತನೇ ದಿನ.

ಸಂಶೋಧಕರಾದ ಪರಶಿವಮೂರ್ತಿಯವರಿಗೆ ಗರಡಿಯ ಕಾವಲಿನ ಸಾಕವ್ವ ಮಾಡುವ ನಮಸ್ಕಾರ. ನಮಗಿಂತ ಎಷ್ಟೋ ತಲೆಮಾರು ಹಿಂದಿನ ನಿಮ್ಮ ಕಾಲದಲ್ಲಿ ಇಂಥ ತಾರೀಖು ಇಲ್ಲ, ಗೊತ್ತು. ನನ್ನ ಮಾತೂ ವಿಚಿತ್ರ ಅನ್ನಿಸಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮನ್ನಿಸಿ. ಕುಸ್ತಿಯ ಬಗೆಗಿನ ನಿಮ್ಮ ಪ್ರಬಂಧ ಇನ್ನೂ ಅಚ್ಚಿಗೆ ಹೋಗಿರಲಾರದು ಎಂಬ ಒಂದೇ ಆಸೆಯಿಂದ ಬರೆಯುತ್ತಿದ್ದೇನೆ. ಹೋಗಿಬಿಟ್ಟಿದ್ದರೆ? ಅದನ್ನು ನೆನೆದರೆ ಊಟ ಸೇರುವುದಿಲ್ಲ.

ನಮ್ಮಲ್ಲಿ ಯಾರೂ ಬಿಸಿಲಿಗೆ ಹೊರಡುವುದಿಲ್ಲ. ಊರಿನ ಮೇಲೆಲ್ಲ ನೆರಳುಹಾಸು, ಅಂದರೆ ಬಟ್ಟೆಯ ಆಕಾಶ, ಕಟ್ಟಿದ್ದಾರೆ. ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿಗಳು ಮೂರು ತಲೆಮಾರು ಮುಚ್ಚಿದ್ದವು. ಮಣ್ಣಿನ ಕಾವು ತಣಿದು ಮತ್ತೆ ತೆರೆದಾಗ ಕಲಿಸುವವರು ಒಬ್ಬರೂ ಉಳಿದಿರಲಿಲ್ಲ. ಪುಸ್ತಕಗಳೇ ಉಸ್ತಾದರಾದವು. ಜಪಾನಿನ, ಚೀನಾದ ಕಾಳಗದ ವಿದ್ಯೆಗಳನ್ನೂ, ಕೇರಳದ ಕಳರಿಯನ್ನೂ ಹಳೆಯ ಪ್ರಬಂಧ ಓದಿಯೇ ಕಲಿಯುತ್ತಾರೆ. ಅವುಗಳಲ್ಲಿ ಏನೇನು ತಪ್ಪಿದೆಯೋ ದೇವರೇ ಬಲ್ಲ. ನಮ್ಮ ಕುಸ್ತಿಗೆ ನಿಮ್ಮದೇ ಆಧಾರ. ಎದುರಾಳಿಯ ತೋಳು ತಿರುವಿ ಎತ್ತುವ ಪಟ್ಟಿನಲ್ಲಿ ಎಡಗಾಲು ಮುಂದಿಡಬೇಕು ಎಂದಿದ್ದೀರಿ. ನನ್ನ ತಂಗಿಯ ಮಗಳು ಹೊಂಬಾಳೆ ಹಾಗೇ ಇಟ್ಟಳು. ಭಾರವೆಲ್ಲ ಅವಳ ಭುಜಕ್ಕೇ ಬಿತ್ತು. ಆ ಕೈಯಲ್ಲಿ ಈಗ ಜಡೆ ಹಾಕಿಕೊಳ್ಳಲೂ ಆಗದು.

ನನಗೆ ಓದುವುದು ನಿಧಾನ. ಅದಕ್ಕೇ ಕಸ ಗುಡಿಸುತ್ತ ನಿಮ್ಮ ಧ್ವನಿಮುದ್ರಣಗಳನ್ನು ಕೇಳುತ್ತೇನೆ. ವಿದ್ವಾಂಸರು ಯಾರೂ ಕೇಳಿದ ಹಾಗಿಲ್ಲ. ಈ ಪಟ್ಟಿನ ಮುದ್ರಣದ ಕೊನೆಯ ತುಣುಕಿಗೆ ನೀವೇ "ಅಪ್ರಸ್ತುತ ಮಾತುಕತೆ" ಎಂದು ಚೀಟಿ ಅಂಟಿಸಿದ್ದೀರಿ. ನೀವು ಯಂತ್ರ ನಿಲ್ಲಿಸದೆ ಕಾಫಿಗೆ ಎದ್ದುಹೋದಾಗ, ನಿಮಗೆ ಪಟ್ಟು ವಿವರಿಸುತ್ತಿದ್ದ ಉಸ್ತಾದ್ ಬೋರಯ್ಯನವರನ್ನು ಅವರ ಶಿಷ್ಯ ಕೇಳುತ್ತಾನೆ: "ಅಲ್ಲ ಉಸ್ತಾದ್ರೇ, ಬಲಗಾಲಲ್ವಾ ಮುಂದಕ್ಕೆ?" ಅವರು ನಗುತ್ತಾರೆ: "ಸುಮ್ಕಿರ್ಲಾ. ಇಸ್ತ್ರಿ ಪ್ಯಾಂಟು ಮಣ್ಣಾಯ್ತದೆ ಅಂತ ಅಯ್ನೋರು ದಡದ್ ಮ್ಯಾಲೇ ಕುಂತವ್ರೆ. ಮಟ್ಟಿಗಿಳೀದೋರ್ಗೆ ಒಂದ್ ಕಾಲು ತಪ್ಸಿ ಹೇಳಾದು ನಮ್ ಗರಡಿ ಪದ್ಧತಿ. ಇಳ್ದು ಮೈಗ್ ಮಣ್ ಹತ್ತಿಸ್ಕಳ್ಲಿ, ಆಮ್ಯಾಲ್ ಹೇಳವಾ."

ನೀವು ಇಳಿಯಲಿಲ್ಲ. ಅವರು ಹೇಳಲಿಲ್ಲ.

ಇದನ್ನು ಪಟ್ಟುಪೀಠಕ್ಕೆ, ಅಂದರೆ ಯಾವ ಪಟ್ಟು ಸರಿ ಎಂದು ತೀರ್ಮಾನಿಸುವ ಪಂಡಿತರ ಸಭೆಗೆ, ಹೋಗಿ ಹೇಳಿದೆ. "ನಲವತ್ತು ಪ್ರಬಂಧಗಳು ಎಡಗಾಲು ಅಂದಿವೆ ಸಾಕವ್ವ, ನಿನ್ನದು ಯಾವ ಪ್ರಬಂಧ?" ಎಂದರು. ಆ ನಲವತ್ತೂ ನಿಮ್ಮನ್ನೇ ನೋಡಿ ಬರೆದವು. ಮುದ್ರಣ ಕೇಳಿಸಿದರೆ, ಹಳ್ಳಿಯವರ ತಮಾಷೆ ಎಂದುಬಿಟ್ಟರು.

ಸ್ವಾಮಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಬೋರಯ್ಯನವರು ಇನ್ನೂ ಇದ್ದರೆ ಪಂಚೆ ಎತ್ತಿ ಕಟ್ಟಿ ಒಮ್ಮೆ ಮಟ್ಟಿಗೆ ಇಳಿಯಿರಿ. ಬಿದ್ದು, ಮಣ್ಣು ತಿಂದು, ಆಮೇಲೆ ಕೇಳಿ. ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲ ಎಂದು ಒಳಗೊಳಗೇ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಬೇರೆ ಏನು ಮಾಡಲಿ?

ನಾಳೆ ಬೆಳಿಗ್ಗೆ ಹದಿನಾಲ್ಕು ಮಕ್ಕಳು ಈ ಪಟ್ಟು ಕಲಿಯಲು ಬರುತ್ತಾರೆ. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಿವಿಯಲ್ಲೂ "ಬಲಗಾಲು" ಎನ್ನುತ್ತೇನೆ. ನಿಮ್ಮ ಪ್ರಬಂಧ ಓದಿಕೊಂಡು ಬಂದ ಮಕ್ಕಳು. ನಕ್ಕು ಒಳಗೆ ಹೋಗುತ್ತಾರೆ.