ಆ ಭಾನುವಾರದ ರೊಟ್ಟಿ

ಬೇಕರಿಯ ಹಿಂದಿನ ಕೋಣೆಯಿಂದ
ಮಂಗಳವಾರ ಮಧ್ಯಾಹ್ನ

ತಮ್ಮನಿಗೆ,

ಮೊದಲು 'ಪಾಸ್ಟರ್ ಅವರಿಗೆ' ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲಿನ ಗೀಚು ಅದೇ. ನೀನು ಕ್ಷೇಮವಾಗಿದ್ದೀಯೆಂದು ನಂಬುತ್ತೇನೆ. ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಹೇಳು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದು ವಾಡಿಕೆ, ಕೇಳಿದ್ದೇನೆ ಅಂದುಕೋ. ಬರೆದು ಬರೆದು ಹರಿದುಹಾಕುತ್ತಿದ್ದೆ. ಆ ಹಾಳೆಗಳು ನಿನ್ನ ಕೈಗೆ ಸಿಕ್ಕಿದ್ದರೆ ಭಾನುವಾರದ ಆರಾಧನೆಯಲ್ಲಿ ನನ್ನ ಮೇಲೂ ಒಂದು ಪ್ರಸಂಗ ಆಗುತ್ತಿತ್ತು.

ಎರಡು ಬೀದಿ ಆಚೆ ಇರುವವನು ಅಂಚೆಯಲ್ಲಿ ಪತ್ರ ಹಾಕಿದ್ದೀಯಲ್ಲ, ನಮ್ಮ ಬಾಗಿಲು ಬಡಿಯಲು ಅಷ್ಟು ಭಯವೇ? ಬರೆದಿರುವುದಾದರೂ ಏನು? ಹೊಸ ಸಭಾಮಂದಿರದ ಉದ್ಘಾಟನೆಗೆ ಬಿಷಪ್ ಬರುತ್ತಾರೆ, ಪ್ರಭುಭೋಜನಕ್ಕೆ ರೊಟ್ಟಿ ಎಂದಿನಂತೆ ನನ್ನ ಒವನ್‌ನಿಂದಲೇ ಬರಬೇಕು. "ಹೋದ ಸಲದಂಥ ರೊಟ್ಟಿಯೇ ಇರಲಿ ಅಕ್ಕಾ, ಅಷ್ಟು ಹದವಾದ ರೊಟ್ಟಿ ನಾವು ತಿಂದೇ ಇಲ್ಲ ಅಂತ ಹಿರಿಯರೆಲ್ಲ ಹೇಳಿದರು." ಕೊನೆಗೆ ಒಂದೇ ಸಾಲು: "ಮಗಳ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎಲ್ಲ ಅವಳ ಒಳ್ಳೆಯದಕ್ಕೇ." ರೊಟ್ಟಿಗೆ ಅರ್ಧ ಪುಟ, ನನ್ನ ಮಗಳಿಗೆ ಒಂದು ಸಾಲು.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ, ಆಮೇಲೆ ಅಕ್ಕ ಗಾಂಜಾ ಸೇದುವವರ ಪರ ನಿಂತಳು ಎಂದು ಊರೆಲ್ಲ ಹೇಳಿಕೊಂಡು ಬರಬೇಡ. ಆ ಹೊಗೆಯ ಹೆಸರು ಕೇಳಿದರೇ ನನ್ನ ಮೈ ಉರಿಯುತ್ತದೆ. ದೇವರು ಕೊಟ್ಟ ಬುದ್ಧಿಯನ್ನು ಮಜಕ್ಕಾಗಿ ಮಂಕು ಮಾಡಿಕೊಳ್ಳುವುದು ತಪ್ಪು ಎಂದು ನಿನ್ನಷ್ಟೇ ನಾನೂ ನಂಬಿದವಳು. ತಾನು ಕೆಲಸ ಮಾಡುವ ಪ್ರಯೋಗಾಲಯದ ಗೆಳೆಯರ ಜೊತೆ ರಜೆಯ ದಿನ ಮಹಡಿಯ ಮೇಲೆ ಕೂತು ಸೇದಿದೆ ಎಂದು ಮಗಳು ಹೇಳಿದಾಗ ಅವಳಿಗೆ ಬಾಯಿಗೆ ಬಂದಂತೆ ಬೈದೆ. ಎರಡು ದಿನ ಮಾತು ಬಿಟ್ಟೆ. ಆದರೆ ಬೈದದ್ದು ಮನೆಯೊಳಗೆ, ಕಿಟಕಿ ಮುಚ್ಚಿ.

ಅವಳು ನನಗಿಂತ ಮೊದಲು ಹೇಳಿದ್ದು ನಿನಗೆ. ಯಾರೂ ಹಿಡಿದಿರಲಿಲ್ಲ, ಯಾರೂ ಕೇಳಿರಲಿಲ್ಲ. ತಾನಾಗಿಯೇ ನಿನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿ, "ಮಾವ, ಇದು ಪಾಪಾನಾ? ನಂಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ" ಅಂದಳು. ಇನ್ನು ಮುಟ್ಟುವುದಿಲ್ಲ ಎಂದು ಮಾತನ್ನೂ ಕೊಟ್ಟಳು. ನೀನು ಅವಳ ತಲೆಯ ಮೇಲೆ ಕೈಯಿಟ್ಟು "ಇದು ನಮ್ಮಿಬ್ಬರಲ್ಲೇ ಇರ್ಲಿ ಪುಟ್ಟಿ" ಅಂದೆಯಂತೆ. ಮನೆಗೆ ಬಂದು, "ಅಮ್ಮಾ, ಮಾವನಿಗೆ ಹೇಳ್ಬಿಟ್ಟೆ, ಹಗುರಾಯ್ತು" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನನಗೂ ಹೇಳಿದಳು.

ಅದೇ ವಾರದ ಭಾನುವಾರ ನೀನು ಪೀಠ ಹತ್ತಿದೆ. ದೇಹ ದೇವರ ಆಲಯ ಎಂದು ಗಂಟಲು ಹರಿಯುವಂತೆ ಕೂಗಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಆಮೆನ್ ಅನ್ನುತ್ತಿದ್ದೆ. "ನಶೆ ಎಲ್ಲೋ ಬೀದಿಯಲ್ಲಿದೆ ಅನ್ಕೋಬೇಡಿ, ನನ್ನ ಸ್ವಂತ ಅಕ್ಕನ ಮಗಳ ಕೈಯಲ್ಲೇ ಇತ್ತು, ಅವಳಿಗೋಸ್ಕರ ಎದ್ದು ಪ್ರಾರ್ಥಿಸೋಣ" ಅಂದೆಯಲ್ಲ! ಬೆಂಚುಗಳೆಲ್ಲ ಕಿರುಗುಟ್ಟಿದವು. ಪ್ರಾರ್ಥಿಸಲು ಕಣ್ಣು ಮುಚ್ಚಬೇಕಾದವರು ಕತ್ತು ತಿರುಗಿಸಿ ಅವಳನ್ನೇ ನೋಡಿದರು.

ಆಮೇಲೆ ಪ್ರಭುಭೋಜನದ ರೊಟ್ಟಿಯ ತಟ್ಟೆ ಬಂತು. ಹಿಡಿದಿದ್ದವರು ನಮ್ಮ ಲವಂಗದ ಹಿರಿಯರು, ಶನಿವಾರ ಸಂಜೆಯ ವಿಸ್ಕಿಯ ವಾಸನೆಗೆ ಭಾನುವಾರ ಬೆಳಗ್ಗೆ ಲವಂಗ ಅಗಿಯುವವರು. ಅವರು ನಿನ್ನ ಮುಖ ನೋಡಿದರು, ನೀನು ಬೇಡವೆಂದು ತಲೆ ಅಲ್ಲಾಡಿಸಿದೆ. ತಟ್ಟೆ ಅವಳ ತಲೆಯ ಮೇಲಿಂದ ನನ್ನ ಕಡೆಗೆ ಬಂತು. ಅವಳು ಆಗಲೇ ಕೈ ಚಾಚಿದ್ದಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ, ಕೂದಲು ಸರಿಮಾಡಿಕೊಳ್ಳುವವಳಂತೆ ಕಿವಿಯ ಹಿಂದಕ್ಕೆ ಒಯ್ದಳು. ನಾನೂ ತಟ್ಟೆಯನ್ನು ಮುಟ್ಟಲಿಲ್ಲ. ಅದು ನಿನಗೆ ಕಾಣಿಸಿತೋ ಇಲ್ಲವೋ.

ಹೊರಗೆ ಮೆಟ್ಟಿಲ ಬಳಿ ನಿನ್ನನ್ನು ಹಿಡಿದು, ಆ ಹಿರಿಯರ ಬಾಟಲಿಗೇನು ಹೇಳುತ್ತೀಯ ಎಂದು ಕೇಳಿದೆ. "ಅದಕ್ಕೆ ಕಾನೂನು ಇದೆ ಅಕ್ಕಾ, ಅಂಗಡಿ ಇದೆ, ರಸೀದಿ ಇದೆ" ಅಂದೆ. ಭಲೇ! ದೇವರ ಆಲಯದ ಬಾಗಿಲಲ್ಲಿ ರಸೀದಿ ನೋಡಿ ಒಳಗೆ ಬಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ದನಿ ತಗ್ಗಿಸಿ ನಿಜ ಹೇಳಿದೆ: "ನಮ್ಮವರಾದ್ರೆ ಪಾಸ್ಟರ್ ಕಣ್ಣು ಮುಚ್ಕೊಳ್ತಾರೆ ಅಂತ ಜನ ಆಡ್ಕೋತಿದ್ರು. ಈಗ ಯಾರೂ ಬಾಯಿ ತೆಗೆಯೋ ಹಾಗಿಲ್ಲ." ಹೌದಪ್ಪ, ನಿನ್ನ ಹೆಸರು ಉಳಿಯಿತು. ನಿನ್ನನ್ನು ನಂಬಿ ಬಂದವಳನ್ನು ಎಲ್ಲರ ಮುಂದೆ ನಿಲ್ಲಿಸಿ ಉಳಿಸಿಕೊಂಡೆ. ಅವಳು ಸೇದಿದ್ದು ಪಾಪ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ನೀನು ಮಾಡಿದ್ದನ್ನು ಯಾವ ಹೆಸರಿನಿಂದ ಕರೆಯಲಿ? ಪಶ್ಚಾತ್ತಾಪ ಪಟ್ಟವಳಿಗೆ ಇಲ್ಲದ ರೊಟ್ಟಿ ಯಾರಿಗಾಗಿ ಇದೆಯೋ, ನೀನೇ ಹೇಳು.

ಈಗ ಆ ರೊಟ್ಟಿಯ ವಿಷಯ. ಪ್ರಭುಭೋಜನದ ಹಿಟ್ಟನ್ನು ಕೆಲಸದವರ ಕೈಗೆ ನಾನು ಕೊಡುವುದಿಲ್ಲ, ಅದು ನಿನಗೆ ಗೊತ್ತು. ಅದನ್ನು ಅಮ್ಮ ಹೇಳಿಕೊಟ್ಟ ಹಾಗೆ ಮನೆಯವರೇ, ಮಾತಾಡದೆ, ಪ್ರಾರ್ಥಿಸುತ್ತ ನಾದಬೇಕು. ಆ ಶನಿವಾರ ಒವನ್‌ನ ಬಾಗಿಲು ತಗುಲಿ ನನ್ನ ಬಲಗೈ ಮೇಲೆ ಬೊಬ್ಬೆ ಎದ್ದಿತ್ತು. ಮಗಳು ಉಂಗುರ ತೆಗೆದಿಟ್ಟು, ಮೊಣಕೈವರೆಗೆ ಕೈ ತೊಳೆದು ಬಂದಳು. ನಾದುತ್ತ ಅಳುತ್ತಿದ್ದಳು, ಕಣ್ಣೀರು ಹಿಟ್ಟಿಗೆ ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡು. ನಿನ್ನ ಹಿರಿಯರೆಲ್ಲ ಹದವಾಗಿದೆ ಎಂದು ತಿಂದದ್ದು ಅವಳ ಕೈಯ ರೊಟ್ಟಿ. ನೀನು ಎತ್ತಿ ಹಿಡಿದು ಮುರಿದದ್ದೂ ಅದನ್ನೇ. ಸಭೆಯಲ್ಲಿ ಅದು ಸಿಗದೆ ಹೋದದ್ದು ಅವಳಿಗೊಬ್ಬಳಿಗೆ, ಬೇಡವೆಂದು ಬಿಟ್ಟದ್ದು ನಾನೊಬ್ಬಳೇ.

ಆದ್ದರಿಂದ ಬಿಷಪ್ ಬರುವ ದಿನ ನನ್ನ ಒವನ್ ತಣ್ಣಗಿರುತ್ತದೆ. ಹೋದ ಸಲದಂಥ ರೊಟ್ಟಿಯೇ ಬೇಕಿದ್ದರೆ ಅದನ್ನು ಮಾಡಿದವಳನ್ನು ಕೇಳು. ಅಂಚೆಯಲ್ಲಿ ಅಲ್ಲ, ಮನೆಗೆ ಬಂದು, ಅವಳ ಎದುರು ಕೂತು ಕೇಳು. ಇಲ್ಲವಾದರೆ ಅಂಗಡಿಯ ಬ್ರೆಡ್ಡು ಕತ್ತರಿಸಿ ಹಂಚು. ಅದಕ್ಕೆ ರಸೀದಿಯೂ ಸಿಗುತ್ತದೆ.

ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ಕಾಪಾಡಲಿ. ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ, ಆದರೂ ಮನಸಾರೆ ಬರೆದಿದ್ದೇನೆ. ನಿನ್ನನ್ನು ಎತ್ತಿ ಆಡಿಸಿದ ಕೈ ಇದು, ಶಾಪ ಬರೆಯಲು ಬರುವುದಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ನಿನ್ನೆ ಊಟಕ್ಕೆ ಕೂತಿದ್ದೆವು, ನಾವಿಬ್ಬರೇ. ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ನನ್ನ ಮುಖವನ್ನೇ ನೋಡಿದಳು. ಕೆಲವು ದಿನಗಳಿಂದ ಹೀಗೇ ಮಾಡುತ್ತಿದ್ದಳು, ಹಸಿವಿಲ್ಲವೇನೋ ಅಂದುಕೊಂಡಿದ್ದೆ. "ಯಾಕೆ ಪುಟ್ಟಿ?" ಅಂದೆ. ತನ್ನ ಸ್ವಂತ ಮನೆಯಲ್ಲಿ, ತಾನೇ ಬೇಯಿಸಿದ ಬ್ರೆಡ್ಡಿಗೆ, ನನ್ನ ಮಗಳು ಕೇಳಿದಳು: "ನಾನು ತಗೋಬಹುದಾ ಅಮ್ಮಾ?"